ಪತ್ತೇದಾರ ಹೋದ ಮೇಲೂ ಊರು ಇರುತ್ತದೆ

ನಿಘಂಟಿನಲ್ಲಿ ಗುಟ್ಟು ಮತ್ತು ರಹಸ್ಯ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಆಡುಮಾತಿನಲ್ಲಿ ಹಾಗೆ ಕೂರುವುದಿಲ್ಲ. ಗುಹೆಗೆ, ನಿಧಿಗೆ, ಕೊಲೆಗೆ ರಹಸ್ಯವಿರುತ್ತದೆ. ಮನೆಗೆ, ಸಂಸಾರಕ್ಕೆ, ಊರಿಗೆ ಗುಟ್ಟಿರುತ್ತದೆ. ರಹಸ್ಯ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಾದ ದಿನ ಅದು ತೀರಿಹೋಗುತ್ತದೆ. ಗುಟ್ಟು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಆದ್ದರಿಂದಲೇ ತಲೆಮಾರುಗಟ್ಟಲೆ ಬಾಳುತ್ತದೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂದು ಗಾದೆ ಕಟ್ಟಿದವರು ಅಲ್ಲಿ ರಹಸ್ಯ ಎಂಬ ಪದವನ್ನು ಬಳಸಲಿಲ್ಲ.

ಕಳೆದ ಒಂದು ತಿಂಗಳು ನಾನು ಓದಿದ್ದು ಹೆಚ್ಚಾಗಿ ಎರಡು ಬಗೆಯ ಪುಸ್ತಕಗಳನ್ನು. ಈಚಿನ ಇಪ್ಪತ್ತು ವರ್ಷಗಳಲ್ಲಿ ಬಂದ ಕನ್ನಡದ ಥ್ರಿಲ್ಲರ್‌ಗಳು ಒಂದು ಕಡೆ. ಬರೆದವರೇ ಅಚ್ಚು ಹಾಕಿಸಿ, ಅಥವಾ ಪುಟ್ಟ ಪ್ರಕಾಶನಗಳ ಕೈಹಿಡಿದು, ಓದುಗರಿಗೆ ಮುಟ್ಟಿಸಿದ ಕಥೆ, ಕಾದಂಬರಿಗಳು ಇನ್ನೊಂದು ಕಡೆ. ಹೊಸದನ್ನು ತೂಗಲು ತಕ್ಕಡಿಯ ಆ ಕಡೆಗೊಂದು ಕಲ್ಲು ಬೇಕಲ್ಲ ಎಂದು ಹಳೆಯ ಕೆಲವನ್ನು ಮತ್ತೆ ತೆಗೆದೆ. ತಿಂಗಳ ಕೊನೆಗೆ ಪುಸ್ತಕಗಳು ತಾವಾಗಿ ಬೇರೆ ಎರಡು ಗುಂಪಾದವು. ಒಂದು ಗುಂಪು ರಹಸ್ಯದ್ದು, ಇನ್ನೊಂದು ಗುಟ್ಟಿನದು. ಮೊದಲ ಗುಂಪಿನವನ್ನು ಒಂದೊಂದು ರಾತ್ರಿಗೆ ಒಂದೊಂದರಂತೆ ಮುಗಿಸಿದೆ. ಎರಡನೆಯ ಗುಂಪಿನವನ್ನು ಕೊನೆ ಗೊತ್ತಿದ್ದೂ ಇನ್ನೊಮ್ಮೆ ಓದಿದೆ. ಈ ಬರಹ ಆ ವ್ಯತ್ಯಾಸದ ಬಗ್ಗೆ.

ಓದಿದ್ದು ಶಿವನಿಯಲ್ಲಿ. ಊರಿನ ಹೆಸರು ಹೇಳಲು ಕಾರಣವಿದೆ. ಶಿವನಿ ಅಜ್ಜಂಪುರ ತಾಲ್ಲೂಕಿನ ಒಂದು ಹೋಬಳಿ. ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ಹಳಿಯ ಮೇಲೆ ಅಜ್ಜಂಪುರ ದಾಟಿದ ಮೇಲೆ ಬರುವ ಸಣ್ಣ ಸ್ಟೇಷನ್ನು. ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ ತೋಟ, ಮಂಜು, ಹೋಂಸ್ಟೇ. ಈ ಭಾಗ ಹಾಗಿಲ್ಲ. ಇದು ಬಯಲು: ಈರುಳ್ಳಿ, ರಾಗಿ, ತೆಂಗು, ಬೋರ್‌ವೆಲ್ ನೀರು ಸಿಕ್ಕಲ್ಲಿ ಅಡಿಕೆ. ಯಾರ ಬೈಕು ಯಾರ ತೋಟದ ಕಡೆ ತಿರುಗಿತು ಎಂಬುದು ಸಂಜೆಯೊಳಗೆ ಟೀ ಅಂಗಡಿಗೆ ಗೊತ್ತಾಗುತ್ತದೆ. ಇಂಥ ಊರಿನಲ್ಲಿ ಕನ್ನಡದ ಥ್ರಿಲ್ಲರ್ ನಡೆಯುವುದು ತೀರಾ ಅಪರೂಪ. ನಮ್ಮ ಥ್ರಿಲ್ಲರ್‌ಗಳಿಗೆ ಎರಡೇ ಊರು ಸಾಕು. ಒಂದು, ಮಳೆ ಹಿಡಿದ ಮಲೆನಾಡು, ಅದರ ನಡುವೆ ಒಂಟಿ ಬಂಗಲೆ. ಇನ್ನೊಂದು, ಪಕ್ಕದ ಫ್ಲ್ಯಾಟಿನವರ ಹೆಸರೂ ಗೊತ್ತಿಲ್ಲದ ಬೆಂಗಳೂರು. ಎರಡೂ ಕಡೆ ಅಡಗಲು ಜಾಗವಿದೆ. ಬಯಲುಸೀಮೆಯಲ್ಲಿ ಹೆಣ ಅಡಗಿಸುವುದು ಕಷ್ಟ ಎಂದು ಲೇಖಕರು ಲೆಕ್ಕ ಹಾಕಿರಬೇಕು. ಆದರೆ ಎಲ್ಲವೂ ಕಣ್ಣಿಗೆ ಬೀಳುವ ಊರಿನಲ್ಲಿ ಏನು ಅಡಗಿರುತ್ತದೆ ಎಂದು ಕೇಳಿದರೆ ಬೇರೆಯೇ ಒಂದು ಕಥೆ ಶುರುವಾಗುತ್ತದೆ. ಪಹಣಿಯಲ್ಲಿ ಬಿಟ್ಟುಹೋದ ಅಕ್ಕನ ಹೆಸರು, ಪಾಲಿನ ದಿನ ಯಾರೂ ಎತ್ತದ ಮಾತು, ಊರಿಗೆಲ್ಲ ಗೊತ್ತಿದ್ದೂ ಪಂಚಾಯ್ತಿ ಕಟ್ಟೆಗೆ ಬರದ ಸಾವು. ಇವು ರಹಸ್ಯಗಳಲ್ಲ, ಗುಟ್ಟುಗಳು.

ಕನ್ನಡದ ಪತ್ತೇದಾರಿ ಕಾದಂಬರಿ ಬೆಳೆದದ್ದು ರಹಸ್ಯದ ಮೇಲೆ. ಎನ್. ನರಸಿಂಹಯ್ಯನವರು 1950ರ ದಶಕದಲ್ಲಿ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಮುಂದೆ ಐನೂರರ ಆಚೀಚೆ ಕಾದಂಬರಿಗಳನ್ನು ಬರೆದರು. ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ‘ಬಂಗಾರದ ಮನುಷ್ಯ’ ಬರೆದ ಟಿ.ಕೆ. ರಾಮರಾಯರು ಅದೇ ಕೈಯಲ್ಲಿ ಕುತೂಹಲದ ಕಾದಂಬರಿಗಳನ್ನೂ ಬರೆದರು. ಈ ಲೇಖಕರು ಮಾಡಿದ ದೊಡ್ಡ ಕೆಲಸವನ್ನು ನಮ್ಮ ವಿಮರ್ಶೆ ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ದಿನಬಾಡಿಗೆಗೆ ತಂದು ಓದಿದ ಒಂದು ದೊಡ್ಡ ಓದುಗವರ್ಗವನ್ನು ಅವರು ಕಟ್ಟಿದರು. ಶಾಲೆ ಅರ್ಧಕ್ಕೆ ಬಿಟ್ಟವರೂ, ಮನೆಗೆಲಸದ ನಡುವೆ ಪುಸ್ತಕ ಹಿಡಿದ ಹೆಂಗಸರೂ ಆ ವರ್ಗದಲ್ಲಿದ್ದರು. ‘ಗಂಭೀರ’ ಕಾದಂಬರಿಗಳಿಗೂ ಓದುಗರು ಬಂದದ್ದು ಎಷ್ಟೋ ಸಲ ಅದೇ ಬಾಗಿಲಿನಿಂದ.

ಆ ಕಾದಂಬರಿಗಳಿಗೆ ಒಂದು ನಿಯಮವಿತ್ತು. ಪತ್ತೇದಾರ ಹೊರಗಿನಿಂದ ಬರುತ್ತಾನೆ. ಊರು ಅಥವಾ ಮನೆ ತನ್ನ ಬಗ್ಗೆ ತಾನೇ ತಿಳಿಯದೆ ಕೂತಿರುತ್ತದೆ. ಆತ ತಿಳಿಸಿಕೊಡುತ್ತಾನೆ, ಕೋಳ ಬೀಳುತ್ತದೆ, ಆತ ಹೊರಟುಹೋಗುತ್ತಾನೆ. ಓದುಗರೂ ಆತನ ಜೊತೆಯಲ್ಲೇ ಹೊರಡುತ್ತಾರೆ. ಹೋದ ಮೇಲೆ ಆ ಮನೆಯವರು ಒಬ್ಬರ ಮುಖ ಒಬ್ಬರು ಹೇಗೆ ನೋಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಆ ಪ್ರಕಾರವೇ ನಿಲ್ಲುವುದಿಲ್ಲ.

ಈ ದಾರಿಯಲ್ಲಿ ಈಚೆಗೆ ಬಹಳ ದೂರ ಹೋದವರು ಕೆ.ಎನ್. ಗಣೇಶಯ್ಯ. ವೃತ್ತಿಯಿಂದ ಕೃಷಿವಿಜ್ಞಾನಿ, ಇತಿಹಾಸ, ಪುರಾತತ್ವ, ಸಸ್ಯವಿಜ್ಞಾನಗಳನ್ನು ಹೆಣೆದು ಥ್ರಿಲ್ಲರ್ ಬರೆಯುವ ಒಂದು ಬಗೆಯನ್ನೇ ಕನ್ನಡದಲ್ಲಿ ನೆಲೆಗೊಳಿಸಿದರು. ‘ಕನಕ ಮುಸುಕು’ ಹುಟ್ಟುವುದು ಒಂದು ನಿಜವಾದ ಒಗಟಿನಿಂದ. ಸೋಮನಾಥಪುರದ ಹೊಯ್ಸಳ ದೇವಾಲಯದ ಕೆಲವು ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತೆ ಕಾಣುವ ವಸ್ತುವಿದೆ. ಆ ಗುಡಿ 13ನೇ ಶತಮಾನದ್ದು. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹಾಗಾದರೆ ಆ ತೆನೆ ಇಲ್ಲಿಗೆ ಬಂದದ್ದು ಹೇಗೆ? ಅದು ಜೋಳವೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ; ಅಲ್ಲ, ಅದು ಮುತ್ತು ಪೋಣಿಸಿದ ಕಾಲ್ಪನಿಕ ಫಲ ಎಂದವರೂ ಇದ್ದಾರೆ. ‘ಕರಿಸಿರಿಯಾನ’ದಲ್ಲಿ 1565ರ ತಾಳಿಕೋಟೆ ಯುದ್ಧದ ನಂತರ ಆನೆಗಳ ಮೇಲೆ ಹೊರಟ ವಿಜಯನಗರದ ಸಂಪತ್ತು ಎಲ್ಲಿಗೆ ಹೋಯಿತು ಎಂಬ ಹುಡುಕಾಟ.

ಗಣೇಶಯ್ಯನವರ ರಹಸ್ಯ ಓದುಗರನ್ನು ಪುಸ್ತಕದಿಂದ ಹೊರಗೆ ಕಳಿಸುತ್ತದೆ. ‘ಕನಕ ಮುಸುಕು’ ಓದಿದವರು ಯಾವ ಹೊಯ್ಸಳ ಗುಡಿಗೆ ಹೋದರೂ ಮೊದಲು ಮೂರ್ತಿಗಳ ಕೈ ನೋಡುತ್ತಾರೆ. ನಮ್ಮ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ, ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಇಸ್ಕೂಲ್ ಟ್ರಿಪ್ಪಿನಲ್ಲಿ ಸಾಲಾಗಿ ಒಳಹೊಕ್ಕು ಸಾಲಾಗಿ ಹೊರಬರುವ ಹುಡುಗರು ಒಂದು ಥ್ರಿಲ್ಲರ್ ಓದಿ ಅಲ್ಲಿನ ಗೋಡೆಯ ಮುಂದೆ ಅರ್ಧ ಗಂಟೆ ನಿಂತರೆ ಅದು ಸಣ್ಣ ಸಾಧನೆಯಲ್ಲ. ಆದರೆ ಎರಡನೆಯ ಓದಿನಲ್ಲಿ ಈ ಕಾದಂಬರಿಗಳು ತೆಳುವಾಗುತ್ತವೆ. ಪಾತ್ರಗಳು ಮಾಹಿತಿಯನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವ ಹಮಾಲರಂತೆ ಕಾಣತೊಡಗುತ್ತಾರೆ. ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಪ್ಯಾರಾ ಗಟ್ಟಲೆ ಉತ್ತರಿಸುತ್ತಾರೆ. ಒಗಟು ಬಿಡಿಸಿದ ಮೇಲೆ ಅವರಿಗೆ ಮನೆಗೆ ಹೋಗಿ ಮಾಡಬೇಕಾದ ಕೆಲಸವೇನೂ ಇದ್ದಂತಿಲ್ಲ. ಕಲ್ಲು ನೆನಪಿರುತ್ತದೆ, ಮನುಷ್ಯರು ನೆನಪಿರುವುದಿಲ್ಲ.

ಕೊನೆಯಲ್ಲಿ ತೆರೆದುಕೊಳ್ಳುವ ಉತ್ತರವೇ ಥ್ರಿಲ್ಲರ್‌ನ ಜೀವ ಎಂದು ನಂಬಿದವರು ಜಪಾನಿನ ಕೀಗೊ ಹಿಗಾಶಿನೊ 2005ರಲ್ಲಿ ಬರೆದ, ಇಂಗ್ಲಿಷಿನಲ್ಲಿ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಎಂದು ಬಂದ ಕಾದಂಬರಿಯನ್ನು ನೋಡಬಹುದು. ಕೊಲೆ ಮಾಡಿದವರು ಯಾರೆಂದು ಮೊದಲ ಅಧ್ಯಾಯಗಳಲ್ಲೇ ಗೊತ್ತಾಗುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಮುಚ್ಚಿಹಾಕಲು ನಿಲ್ಲುತ್ತಾನೆ; ಪತ್ತೆ ಹಚ್ಚಲು ಬರುವವನು ಆತನ ಹಳೆಯ ಸಹಪಾಠಿ, ಒಬ್ಬ ಭೌತವಿಜ್ಞಾನಿ. ಅಲ್ಲೂ ಕೊನೆಗೊಂದು ತಿರುವಿದೆ, ಹೇಳುವುದಿಲ್ಲ. ಆದರೆ ಪುಸ್ತಕ ಎದೆಯಲ್ಲಿ ಉಳಿಯುವುದು ಆ ತಿರುವಿನಿಂದಲ್ಲ. ಒಂಟಿ ಮೇಷ್ಟ್ರೊಬ್ಬ ಇಷ್ಟು ದೊಡ್ಡ ಹೊರೆ ಏಕೆ ಹೊತ್ತ ಎಂಬುದು ಎಲ್ಲರ ಕಣ್ಣ ಮುಂದೆಯೇ ಇದ್ದೂ ಯಾರೂ ಬಾಯಲ್ಲಿ ಹೇಳದ ಸಂಗತಿ. ರಹಸ್ಯದ ಚೌಕಟ್ಟಿನೊಳಗೆ ಹಿಗಾಶಿನೊ ಒಂದು ಗುಟ್ಟನ್ನು ಕೂರಿಸಿದ್ದಾನೆ.

ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಇದನ್ನು ಇಪ್ಪತ್ತು ವರ್ಷ ಮೊದಲೇ, ಇನ್ನೊಂದು ತೆರನಾಗಿ ಮಾಡಿದ್ದರು. 1985ರ ‘ಚಿದಂಬರ ರಹಸ್ಯ’ದ ಹೆಸರಿನಲ್ಲೇ ರಹಸ್ಯವಿದೆ. ಏಲಕ್ಕಿ ಇಳುವರಿ ಏಕೆ ಕುಸಿಯಿತು, ವಿಜ್ಞಾನಿ ಜೋಗಿಹಾಳರ ಸಾವು ಹೇಗಾಯಿತು ಎಂದು ತಿಳಿಯಲು ಶ್ಯಾಮನಂದನ ಅಂಗಡಿ ಎಂಬ ಗುಪ್ತಚರ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಪುರುಷೋತ್ತಮನ ವಂಶದವನೇ: ಹೊರಗಿನವನು, ಬುದ್ಧಿವಂತ, ಇಲಾಖೆಯ ಬೆಂಬಲವುಳ್ಳವನು. ಆದರೆ ಕೆಸರೂರಿನಲ್ಲಿ ಆತನ ಬುದ್ಧಿಗೆ ಹಿಡಿಯಲು ಒಂದೇ ಒಂದು ಎಳೆ ಸಿಗುವುದಿಲ್ಲ, ಸಿಗುವುದು ಗೋಜಲು. ಜಾತಿಯ ಜಗಳ, ಮರದ ಕಳ್ಳಸಾಗಣೆ, ಕ್ರಾಂತಿಯ ಮಾತಾಡುವ ಹುಡುಗರು, ಮನೆಯ ಮೇಲೆ ಬೀಳುವ ಕಲ್ಲುಗಳು, ಎಲ್ಲಕ್ಕಿಂತ ಮೇಲೆ ಸದ್ದಿಲ್ಲದೆ ಹಬ್ಬುವ ಲಂಟಾನ. ಲಂಟಾನ ಹಬ್ಬುತ್ತಿರುವುದು ಎಲ್ಲರಿಗೂ ಕಾಣುತ್ತದೆ. ಅದು ಅಪಾಯ ಎಂದು ಯಾರೂ ಎಣಿಸುವುದಿಲ್ಲ. ಪತ್ತೇದಾರ ಅಪರಾಧಿಯನ್ನು ಹುಡುಕುತ್ತಿರುವಾಗ ಅಪರಾಧ ಇಡೀ ಊರಿನ ರೂಢಿಯಾಗಿಬಿಟ್ಟಿರುತ್ತದೆ. ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಎಂದು ಇದನ್ನು ಕಾಲೇಜಿನಲ್ಲಿ ಓದಿದವರು, ಥ್ರಿಲ್ಲರ್ ಎಂದುಕೊಂಡು ಇನ್ನೊಮ್ಮೆ ಓದಬೇಕು. ಥ್ರಿಲ್ಲರ್‌ನ ಓದುಗ ಕೇಳುವ ಪ್ರಶ್ನೆಗಳನ್ನೇ ಕೇಳುತ್ತ ಹೋದರೆ, ಅವುಗಳ ಅಲ್ಪತನವನ್ನು ತೇಜಸ್ವಿ ಎಷ್ಟು ನಗುನಗುತ್ತ ತೋರಿಸುತ್ತಾರೆ ಎಂಬುದು ಆಗ ಕಾಣುತ್ತದೆ.

ಈ ತಿಂಗಳ ಓದಿನಲ್ಲಿ ಗುಟ್ಟಿನ ಕಲೆಯನ್ನು ಪಳಗಿಸಿಕೊಂಡಂತೆ ಕಂಡವರು ವಿವೇಕ ಶಾನಭಾಗ. ಅವರನ್ನು ಥ್ರಿಲ್ಲರ್ ಲೇಖಕ ಎಂದು ಯಾರೂ ಕರೆಯುವುದಿಲ್ಲ. ಆದರೂ 2013ರ ‘ಘಾಚರ್ ಘೋಚರ್’ ಓದುವಾಗ ಬೆನ್ನು ತಣ್ಣಗಾಗುವಷ್ಟು ಯಾವ ಕೊಲೆಯ ಕಾದಂಬರಿಯಲ್ಲೂ ಆಗಲಿಲ್ಲ. ಚಿಕ್ಕಪ್ಪನ ಸೋನಾ ಮಸಾಲೆಯ ದುಡ್ಡಿನಲ್ಲಿ ಮೇಲೆ ಬಂದ ಕುಟುಂಬ. ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳುವ, ಕೆಲಸ ಮಾಡದ, ಹೆಸರಿಲ್ಲದ ನಿರೂಪಕ. ಒಂದು ದಿನ ಹೆಂಗಸೊಬ್ಬಳು ಚಿಕ್ಕಪ್ಪನನ್ನು ಹುಡುಕಿಕೊಂಡು ಅಡುಗೆ ಮಾಡಿ ತಂದು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರೇ ಬೈದು ಓಡಿಸುತ್ತಾರೆ. ಅವಳು ಯಾರೆಂದು ಮನೆಯಲ್ಲಿ ಎಲ್ಲರಿಗೂ ಅಂದಾಜಿದೆ. ಅದು ತಪ್ಪು ಎಂದು ಬಾಯಿಬಿಟ್ಟು ಹೇಳುವವಳು ಹೊರಗಿನಿಂದ ಬಂದ ಸೊಸೆ ಅನಿತಾ ಒಬ್ಬಳೇ. ಗುಟ್ಟನ್ನು ಆಡಿದ್ದೇ ಅವಳ ಅಪರಾಧವಾಗುತ್ತದೆ. ಕಾದಂಬರಿಯ ಕೊನೆಯ ಪುಟದಲ್ಲಿ ಏನು ನಡೆದಿರಬಹುದು ಎಂಬುದನ್ನು ಶಾನಭಾಗರು ಹೇಳುವುದಿಲ್ಲ. ಹೇಳದೆಯೂ ನಮಗೆ ಗೊತ್ತಾಗುತ್ತದೆ, ಗೊತ್ತಾದದ್ದನ್ನು ನಾವೂ ಆಡಲಾರೆವು. ಓದುಗರು ಆ ಮನೆಯವರಲ್ಲಿ ಒಬ್ಬರಾಗಿಬಿಡುವುದು ಅಲ್ಲಿ.

‘ಸಕೀನಾಳ ಮುತ್ತು’ (2021) ಇನ್ನೂ ನೇರವಾಗಿ ಥ್ರಿಲ್ಲರ್‌ನ ವೇಷ ತೊಡುತ್ತದೆ. ಮನೆಬಾಗಿಲಿಗೆ ಇಬ್ಬರು ಹುಡುಗರು ಬಂದು ಮಗಳು ರೇಖಾ ಎಲ್ಲಿ ಎಂದು ಕೇಳುತ್ತಾರೆ. ಅವಳು ಫೋನ್ ಸಿಗದ ಊರಿನಲ್ಲಿದ್ದಾಳೆ. ಅಪ್ಪ ವೆಂಕಟರಮಣ ಹುಡುಕಲು ಹೊರಡುತ್ತಾನೆ. ಈ ಸನ್ನಿವೇಶವನ್ನು ಮಾಮೂಲಿ ಥ್ರಿಲ್ಲರ್ ಬರೆಯುವವರ ಕೈಗೆ ಕೊಟ್ಟರೆ ನೂರು ಪುಟದಲ್ಲಿ ಅಪಹರಣಕಾರ ಸಿಕ್ಕಿಬೀಳುತ್ತಾನೆ. ಇಲ್ಲಿ ಅಪ್ಪ ಹುಡುಕುತ್ತ ಹೋದಷ್ಟೂ ಕಾಣುವುದು, ಹೆಂಡತಿ ಮತ್ತು ಮಗಳು ತನ್ನಿಂದ ಎಷ್ಟೋ ವರ್ಷಗಳಿಂದ ಎಷ್ಟು ಸಂಗತಿಗಳನ್ನು ಬದಿಗೆ ಇಟ್ಟುಕೊಂಡು ಬಾಳಿದ್ದಾರೆ ಎಂಬುದು. ಅವರು ಮುಚ್ಚಿಟ್ಟರು ಎನ್ನುವುದಕ್ಕಿಂತ ಈತ ಕೇಳಲಿಲ್ಲ. ತಾನು ಉದಾರಿ, ಸುಧಾರಿಸಿದ ಗಂಡಸು ಎಂದುಕೊಂಡವನ ಪತ್ತೇದಾರಿಕೆ ತನ್ನ ಮೇಲೆಯೇ ತಿರುಗುತ್ತದೆ. ಉತ್ತರಗಳು ಪೂರ್ತಿ ಸಿಗದಿದ್ದುದಕ್ಕೆ ಬೇಸರಿಸಿಕೊಂಡ ಓದುಗರಿದ್ದಾರೆ. ಅವರ ಬೇಸರ ನ್ಯಾಯವಾದದ್ದೇ. ಬಾಗಿಲು ತಟ್ಟಿಸಿದ ಮೇಲೆ ತೆರೆಯುವ ಹೊಣೆ ಲೇಖಕರಿಗಿರುತ್ತದೆ. ಆದರೆ ಇಲ್ಲಿ ತೆರೆದುಕೊಳ್ಳುವುದು ಬೇರೊಂದು ಬಾಗಿಲು ಎಂದು ನನಗನಿಸುತ್ತದೆ.

ಹೊರನಾಡಿನಿಂದ ಬಂದ ಒಂದು ಪುಸ್ತಕವನ್ನೂ ಇಲ್ಲಿ ನೆನೆಯಬೇಕು. ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ್ ಕಾಗಿನೆಲೆಯವರ ‘ಹಿಜಾಬ್’ (2017) ನಡೆಯುವುದು ಮಿನೆಸೋಟದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ. ಸಿಸೇರಿಯನ್ ಬೇಡವೆನ್ನುವ ವಲಸಿಗ ಹೆಂಗಸರು, ಅವರ ನಂಬಿಕೆಗೂ ಆಸ್ಪತ್ರೆಯ ಕಾನೂನಿಗೂ ನಡುವೆ ಸಿಕ್ಕ ಭಾರತೀಯ ವೈದ್ಯರು. ವೈದ್ಯಕೀಯ ಥ್ರಿಲ್ಲರ್‌ನ ಎಲ್ಲ ಸಾಮಗ್ರಿಯೂ ಇದೆ. ಪುಸ್ತಕದ ಬಿಸಿ ಇರುವುದು ಮಾತ್ರ ಇನ್ನೊಂದು ಕಡೆ. ಇಲ್ಲಿ ತನಿಖೆ ಮಾಡುವವರೂ ವಲಸಿಗರೇ, ತಮ್ಮದೇ ವೀಸಾ, ಕೆಲಸ, ಗೌರವಗಳ ಲೆಕ್ಕ ಇಟ್ಟುಕೊಂಡವರು. ಇನ್ನೊಬ್ಬರ ಗುಟ್ಟು ಬಿಚ್ಚಬೇಕಾದವರಿಗೆ ತಮ್ಮದೂ ಒಂದು ಗಂಟಿದೆ.

ಇನ್ನು ಸ್ವತಂತ್ರ ಪ್ರಕಟಣೆಯ ಮಾತು. ಕನ್ನಡದಲ್ಲಿ ಇದಕ್ಕೀಗ ಒಂದು ಪುಟ್ಟ ಇತಿಹಾಸವೇ ಇದೆ. ವಸುಧೇಂದ್ರರ ಛಂದ ಪುಸ್ತಕ ಎರಡು ದಶಕಗಳಿಂದ ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಬಹುಮಾನ ಕೊಟ್ಟು ಅಚ್ಚು ಹಾಕುತ್ತಿದೆ. ಸಕಲೇಶಪುರ ಸೀಮೆಯ ಗಿರಿಮನೆ ಶ್ಯಾಮರಾವ್ ‘ಮಲೆನಾಡಿನ ರೋಚಕ ಕಥೆಗಳು’ ಸರಣಿಯನ್ನು ತಮ್ಮದೇ ಪ್ರಕಾಶನದಿಂದ ಹೊರತಂದು ಓದುಗರನ್ನು ಸಂಪಾದಿಸಿದರು. ಕರಣಂ ಪವನ್ ಪ್ರಸಾದ್ ಅವರ ‘ಕರ್ಮ’, ತಂದೆ ತೀರಿಕೊಂಡ ಮೇಲಿನ ಅಪರಕರ್ಮದ ದಿನಗಳನ್ನೇ ಹಿಡಿದು ಬರೆದ ಕಾದಂಬರಿ, ಓದಿದವರು ಇನ್ನೊಬ್ಬರಿಗೆ ಹೇಳುತ್ತ ಹೇಳುತ್ತ ಹರಡಿತು. ಮೈಸೂರಿನ ಅನುಷ್ ಎ. ಶೆಟ್ಟಿ ತಮ್ಮ ಅನುಗ್ರಹ ಪ್ರಕಾಶನದಿಂದ ‘ಆಹುತಿ’, ‘ಜೋಡ್ಪಾಲ’, ‘ಹುಲಿ ಪತ್ರಿಕೆ’ಗಳನ್ನು ತಂದು, ಕನ್ನಡ ಪುಸ್ತಕ ಎಂದರೆ ಮುಖ ತಿರುಗಿಸುತ್ತಿದ್ದ ಕಾಲೇಜು ಹುಡುಗ ಹುಡುಗಿಯರ ಕೈಗೆ ಕನ್ನಡ ಥ್ರಿಲ್ಲರ್ ಕೊಟ್ಟರು. ಜೋಡುಪಾಲ ಎಂಬುದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ನಿಜವಾಗಿ ಇರುವ ಊರು, 2018ರ ಆಗಸ್ಟಿನ ಭೂಕುಸಿತದಲ್ಲಿ ನಲುಗಿದ್ದು. ನಿಜವಾದ ಊರಿನ ಹೆಸರನ್ನು ಮುಖಪುಟದಲ್ಲಿ ಹಾಕುವ ಧೈರ್ಯ ನನಗೆ ಇಷ್ಟವಾಗುತ್ತದೆ. ಕಲ್ಪಿತ ‘ರಾಂಪುರ’ದಲ್ಲಿ ಯಾರು ಸತ್ತರೂ ಯಾರಿಗೂ ಏನೂ ಆಗುವುದಿಲ್ಲ.

ಈ ಪುಸ್ತಕಗಳು ಶಿವನಿಯಂಥ ಊರಿಗೆ ಬರುವುದು ಹೇಗೆ? ಪುಸ್ತಕದ ಅಂಗಡಿ ಇಲ್ಲಿಲ್ಲ. ಲೇಖಕರಿಗೋ ಪ್ರಕಾಶಕರಿಗೋ ವಾಟ್ಸಾಪ್ ಮಾಡಿ, ಫೋನ್‌ಪೇ ಮಾಡಿ, ಅಂಚೆಗೆ ಕಾಯಬೇಕು. ಇಲ್ಲವೆ ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಇ-ಪುಸ್ತಕ. ಸಾಂಪ್ರದಾಯಿಕ ಪ್ರಕಾಶಕರು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ ಕಣ್ಣಿಟ್ಟು ಅಚ್ಚು ಹಾಕುತ್ತಾರೆ, ಓದುಗರನ್ನು ಮರೆತಿದ್ದಾರೆ ಎಂಬ ದೂರು ಹಳೆಯದು. ಹೊಸಬರು ಆ ಖರೀದಿಗೆ ಕಾಯದೆ ನೇರ ಓದುಗರ ಬಳಿ ಹೋದರು. ಒಳ್ಳೆಯದೇ. ಅದರ ಇನ್ನೊಂದು ಮುಖವೆಂದರೆ, ಈಗ ‘ಅರಿವು ಕೇಂದ್ರ’ ಎಂದು ಹೆಸರಾಗಿರುವ ಗ್ರಾಮ ಪಂಚಾಯ್ತಿ ಗ್ರಂಥಾಲಯದ ಕಪಾಟಿನಲ್ಲಿ ಈ ಪುಸ್ತಕಗಳು ಸಿಗುವುದು ಅಪರೂಪ. ದುಡ್ಡು ಕಟ್ಟಿ ತರಿಸಲಾಗದ ಪಿಯುಸಿ ಹುಡುಗಿಗೆ ಹಿಂದಿನ ಕಾಲದ ದಿನಬಾಡಿಗೆಯ ಲೈಬ್ರರಿಯೂ ಇಲ್ಲ. ನರಸಿಂಹಯ್ಯನವರ ಓದುಗರ ಮೊಮ್ಮಕ್ಕಳಿಗೆ ಇಂದಿನ ಥ್ರಿಲ್ಲರ್ ಅವರಷ್ಟು ಸುಲಭಕ್ಕೆ ಕೈಗೆ ಸಿಗುತ್ತಿಲ್ಲ.

ಮಧ್ಯವರ್ತಿ ಇಲ್ಲದಿರುವುದರ ಪರಿಣಾಮ ಬರವಣಿಗೆಯ ಮೇಲೂ ಕಾಣುತ್ತದೆ. ಹೆಸರು ಹಿಡಿದು ಹೇಳಬೇಕಾಗಿಲ್ಲ, ಏಕೆಂದರೆ ಈ ಗುಣ ಒಬ್ಬರದಲ್ಲ. ಸ್ವಯಂಪ್ರಕಟಿತ ಥ್ರಿಲ್ಲರ್‌ಗಳ ಬಗ್ಗೆ ಎಲ್ಲರೂ ಎತ್ತುವ ಆಕ್ಷೇಪ ಕಾಗುಣಿತದ್ದು. ಅದು ಚಿಕ್ಕ ವಿಷಯ. ಇನ್ನೊಂದು ಪ್ರೂಫ್ ನೋಡಿದರೆ ಸರಿಹೋಗುತ್ತದೆ. ಸರಿಹೋಗದ್ದು ಕೊನೆಯ ಇಪ್ಪತ್ತು ಪುಟ. ಅಲ್ಲಿಯವರೆಗೆ ಚುರುಕಾಗಿ ಬಂದ ಕಾದಂಬರಿ ಅಲ್ಲಿ ನಿಂತು, ಒಂದು ಪಾತ್ರದ ಬಾಯಿಂದ, ನಡೆದದ್ದನ್ನೆಲ್ಲ ಮೊದಲಿನಿಂದ ವಿವರಿಸುತ್ತದೆ. ಕೊಲೆಗಾರ ಬಂದೂಕು ಹಿಡಿದು ತನ್ನ ಬಾಲ್ಯ ಹೇಳುತ್ತಾನೆ. ಓದುಗರಿಗೆ ಗೊತ್ತಾಗದೆ ಹೋದೀತು ಎಂಬ ಭಯ ಅದು. ಒಬ್ಬ ಒಳ್ಳೆಯ ಸಂಪಾದಕ ಆ ಇಪ್ಪತ್ತರಲ್ಲಿ ಹದಿನೈದನ್ನು ತೆಗೆಸುತ್ತಿದ್ದ. ಜೊತೆಗೆ ಈ ಪುಸ್ತಕಗಳ ಸುತ್ತ ವಿಮರ್ಶೆ ಹುಟ್ಟಲಿಲ್ಲ. ಮುಂಗಡ ಬುಕಿಂಗ್, ಲೇಖಕರ ಸಹಿ, ಪುಸ್ತಕ ಹಿಡಿದ ಫೋಟೊ, ‘ಒಂದೇ ಗುಕ್ಕಿನಲ್ಲಿ ಓದಿಸಿಕೊಂಡಿತು’ ಎಂಬ ಒಂದು ಸಾಲು. ಒಂದೇ ಗುಕ್ಕಿನಲ್ಲಿ ಓದಿಸಿಕೊಳ್ಳುವುದು ಗುಣವೇ. ಆದರೆ ಎರಡನೆಯ ಗುಕ್ಕಿಗೆ ಏನಾದರೂ ಉಳಿದಿದೆಯೇ ಎಂದು ಯಾರಾದರೂ ಕೇಳಬೇಕು. ಆ ಲೇಖಕರ ಮೇಲೆ ಪ್ರೀತಿ ಇದ್ದವರೇ ಕೇಳಬೇಕು.

ಎಲ್ಲ ಓದಿ ಮುಗಿಸಿ ಕೊನೆಗೆ ನಾನು ತೆಗೆದದ್ದು ನಮ್ಮ ತಾಲ್ಲೂಕಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡಿದ್ದ ಕಥೆಗಾರರ ಒಂದು ಕಥೆ. ಅಜ್ಜಂಪುರ ಸೀತಾರಾಮ್, ‘ಆನಂದ’ ಎಂಬ ಕಾವ್ಯನಾಮದವರು, 1902ರಿಂದ 1963ರವರೆಗೆ ಬದುಕಿದ್ದವರು. ಕಥೆಯ ಹೆಸರು ‘ನಾನು ಕೊಂದ ಹುಡುಗಿ’. ಇಂದು ಯಾರಾದರೂ ಈ ಶೀರ್ಷಿಕೆಯಲ್ಲಿ ಪುಸ್ತಕ ತಂದರೆ ಮುಖಪುಟದ ಮೇಲೆ ರಕ್ತದ ಕಲೆ ಖಂಡಿತ. ಕಥೆಯಲ್ಲಿ ರಕ್ತವಿಲ್ಲ. ಅಪರಾಧಿ ಯಾರೆಂಬುದು ಶೀರ್ಷಿಕೆಯಲ್ಲೇ ಇದೆ. ಅಧ್ಯಯನಕ್ಕೆಂದು ಹಳ್ಳಿಗೆ ಬಂದ, ಓದಿದ, ಸಭ್ಯ ಗಂಡಸು ಒಂದು ಮನೆಯಲ್ಲಿ ಅತಿಥಿಯಾಗಿ ಇಳಿಯುತ್ತಾನೆ. ಆ ಮನೆಯ ಮಗಳು ಚೆನ್ನಮ್ಮ ಬಸವಿ, ದೇವರಿಗೆ ಬಿಟ್ಟವಳು. ಅತಿಥಿಯ ಕೋಣೆಗೆ ಅವಳು ಬರುವುದು ಆ ಮನೆಯ, ಆ ಊರಿನ ಕಣ್ಣಲ್ಲಿ ತಪ್ಪಲ್ಲ. ಎಲ್ಲರಿಗೂ ಗೊತ್ತಿದೆ, ಯಾರೂ ಆಡುವುದಿಲ್ಲ, ಅವಳೂ ಅದನ್ನು ಧರ್ಮವೆಂದೇ ನಂಬಿದ್ದಾಳೆ. ಗೊತ್ತಿಲ್ಲದವನು ಅವನೊಬ್ಬನೇ. ಗೊತ್ತಾದಾಗ ಅವನು ಅವಳಿಗೆ ಸತ್ಯ ಹೇಳುತ್ತಾನೆ: ಇದು ಪಾಪ, ನಿನ್ನ ಬಾಳನ್ನು ಹಾಳು ಮಾಡಿದ್ದಾರೆ ಎಂದು. ಅವನ ಮಾತು ಅವಳಿಗೆ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಅವಳು ಬದುಕುಳಿಯುವುದಿಲ್ಲ.

ಈ ತಿಂಗಳು ಓದಿದ ಯಾವ ಥ್ರಿಲ್ಲರ್‌ನಲ್ಲೂ ಈ ಪ್ರಶ್ನೆ ಇಷ್ಟು ಬೆತ್ತಲೆಯಾಗಿ ಬರಲಿಲ್ಲ. ಸತ್ಯ ಹೊರಬರುವುದು ಒಳ್ಳೆಯದು ಎಂಬುದು ಪತ್ತೇದಾರಿ ಸಾಹಿತ್ಯದ ಮೂಲನಂಬಿಕೆ. ಆನಂದರ ಕಥೆ ಕೇಳುತ್ತದೆ: ಹೊರಗಿನಿಂದ ಬಂದು ಗುಟ್ಟನ್ನು ಒಡೆದವನು ಬೆಳಿಗ್ಗೆ ಹೊರಟುಹೋಗುತ್ತಾನೆ, ಒಡೆದ ಚೂರುಗಳ ಮೇಲೆ ನಡೆಯಬೇಕಾದವರು ಯಾರು? ಹಾಗೆಂದು ಗುಟ್ಟು ಗುಟ್ಟಾಗಿಯೇ ಇರಬೇಕಿತ್ತು ಎಂದು ಕಥೆ ಹೇಳುವುದಿಲ್ಲ. ಬಸವಿ ಬಿಡುವ ಪದ್ಧತಿ ಕ್ರೂರ, ಅದನ್ನು ಕ್ರೂರ ಎಂದು ಹೇಳಲೇಬೇಕು. ಹೇಳುವವನು ಆಮೇಲೆ ಅಲ್ಲಿಯೇ ಇರಬೇಕು ಎಂಬುದಷ್ಟೇ ಕಥೆಯ ಹಟ. ನಿರೂಪಕ ತನ್ನನ್ನು ಕೊಲೆಗಾರ ಎಂದು ಕರೆದುಕೊಳ್ಳುವುದು ತಾನು ಸುಳ್ಳು ಹೇಳಿದೆ ಎಂದಲ್ಲ, ನಿಜ ಹೇಳಿ ಆ ನಿಜದ ಭಾರವನ್ನು ಪೂರ್ತಿ ಅವಳೊಬ್ಬಳ ಮೇಲೆ ಬಿಟ್ಟೆ ಎಂದು. ಹಾಗೆ ನೋಡಿದರೆ ‘ಘಾಚರ್ ಘೋಚರ್’ನ ಅನಿತಾ ಈ ಕಥೆಯ ತಿರುವುಮುರುವು. ಅಲ್ಲಿ ಗುಟ್ಟು ಆಡಿದವಳು ಒಳಗೆ ಬಂದ ಸೊಸೆ, ಹೊರಟುಹೋಗಲು ಅವಳಿಗೆ ದಾರಿಯಿಲ್ಲ, ಬೆಲೆಯನ್ನೂ ಅವಳೇ ತೆರುತ್ತಾಳೆ. ಎರಡರ ನಡುವೆ ಎಷ್ಟೋ ದಶಕಗಳಿವೆ. ಎರಡರಲ್ಲೂ ಗಂಡಸು ಕಥೆ ಹೇಳಲು ಉಳಿಯುತ್ತಾನೆ.

ಇಂದು ಥ್ರಿಲ್ಲರ್ ಬರೆಯುತ್ತಿರುವ ಹೊಸಬರಲ್ಲಿ ಕೇಳಬೇಕಾದದ್ದು ಇಷ್ಟೇ. ಮಲೆನಾಡಿನ ಬಂಗಲೆಯೂ ಇರಲಿ, ಬೆಂಗಳೂರಿನ ಹ್ಯಾಕರ್‌ಗಳೂ ಇರಲಿ, ನಿಧಿಯ ನಕ್ಷೆಯೂ ಇರಲಿ. ಪುರುಷೋತ್ತಮನ ಓಟಕ್ಕೆ ಇರುವ ಖುಷಿಯನ್ನು ಯಾರೂ ಕಸಿಯಬೇಕಾಗಿಲ್ಲ. ಆದರೆ ಪತ್ತೇದಾರ ಬರುವ ಮೊದಲೇ ಊರಿಗೆ ಏನು ಗೊತ್ತಿತ್ತು ಎಂದು ಒಮ್ಮೆ ಕೇಳಿಕೊಂಡು ಬರೆಯಿರಿ. ಹೆಣ ಸಿಕ್ಕ ದಿನ ಯಾರು ಆಶ್ಚರ್ಯಪಡಲಿಲ್ಲ? ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟು ಬಂದ ಅಜ್ಜಿ ಸಂಜೆ ಯಾರ ಮನೆಗೆ ಹಾಲು ಕೊಡಲು ಹೋಗಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊಸ ತಂತ್ರ ಬೇಕಿಲ್ಲ, ಒಂದು ನಿಜವಾದ ಊರು ಬೇಕು. ಎಲ್ಲರೂ ಎಲ್ಲರನ್ನೂ ನೋಡುತ್ತಿರುವ ಬಯಲೂ ಆದೀತು.

ಶಿವನಿಯಲ್ಲಿ ಹೆಚ್ಚಿನ ಎಕ್ಸ್‌ಪ್ರೆಸ್ ಗಾಡಿಗಳು ನಿಲ್ಲುವುದಿಲ್ಲ. ಕಿಟಕಿಯಲ್ಲಿ ಕೂತವರಿಗೆ ಊರು ಅರೆಕ್ಷಣ ಕಾಣುತ್ತದೆ: ಒಂದು ಬೋರ್ಡು, ನಾಲ್ಕು ತೆಂಗಿನ ಮರ, ಹಳಿ ದಾಟಲು ನಿಂತ ಎಮ್ಮೆ. ಆ ವೇಗದಲ್ಲಿ ನೋಡಿದವರಿಗೆ ಇಲ್ಲಿ ಏನೂ ನಡೆಯುವುದಿಲ್ಲ ಅನಿಸುವುದು ಸಹಜ. ನಮ್ಮ ಥ್ರಿಲ್ಲರ್‌ಗಳಲ್ಲಿ ಒಂದಾದರೂ ಇಲ್ಲಿ ಇಳಿಯಲಿ. ಇಳಿದು, ಮಾರನೆಯ ದಿನದ ಗಾಡಿಯನ್ನೂ ತಪ್ಪಿಸಿಕೊಳ್ಳಲಿ.